ಎರಡು ಡಿಸ್ಕಿಗೆ ಹಂಚಿಹೋದ ಮದುವೆ

ನನ್ನ ಮೊಮ್ಮಗಳು ಕಾಲೇಜಿಗೆ ಹೋಗುತ್ತಲೇ ಮದುವೆ ವೀಡಿಯೋ ತೆಗೆಯುವ ಕೆಲಸ ಹಿಡಿದಾಗ, ಊಟಿ ಹತ್ತಿರದ ತುಮ್ಮನಟ್ಟಿಯ ಸುತ್ತಮುತ್ತ ಹೆಣ್ಣುಹುಡುಗಿಯೊಬ್ಬಳು ಕ್ಯಾಮೆರಾ ಹೆಗಲಿಗೇರಿಸಿದ್ದನ್ನು ಯಾರೂ ಕಂಡಿರಲಿಲ್ಲ. ನಾನು ಅವಳನ್ನು ಹಾಗೆ ಮೊದಲ ಸಲ ನೋಡಿದ್ದು ಒಂದು ಮದುವೆಯ ಚಪ್ಪರದಲ್ಲಿ. ಅಡ್ಡ ನಿಂತಿದ್ದ ಗಂಡಸರಿಗೆ, "ಅಣ್ಣಾ, ವಸಿ ಸರೀರಿ, ಮದುಮಗಳು ಕಾಣ್ತಿಲ್ಲ" ಅಂತ ಹೇಳಿ, ಅವರು ಸರಿಯುವ ಮೊದಲೇ ನಡುವೆ ನುಗ್ಗಿ ಮುಂದಕ್ಕೆ ಹೋಗಿಬಿಟ್ಟಳು. ಎಲೆಯ ಮುಂದೆ ಕೂತಿದ್ದ ನಾನು ತುತ್ತು ಕೈಯಲ್ಲೇ ಹಿಡಿದು ನೋಡಿದೆ. ಪಕ್ಕದಲ್ಲಿದ್ದವರಿಗೆಲ್ಲ, ಕೇಳದಿದ್ದರೂ, "ನನ್ನ ಮಗಳ ಮಗಳು" ಅಂತ ಹೇಳಿಕೊಂಡೆ.

ನಾವು ಗುಂಡ್ಲುಪೇಟೆ ಕಡೆಯವರು. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟಿದ್ದ ನಾನು ಮದುವೆಯಾಗಿ ಘಾಟಿ ಹತ್ತಿ ಬಂದವಳು. ಗುತ್ತಿಗೆಗೆ ಹಿಡಿದ ನೆಲದಲ್ಲಿ ಕ್ಯಾರೆಟ್ಟು, ಬೀಟ್‌ರೂಟು ಬೆಳೆದುಕೊಂಡು ಇಲ್ಲಿಯವಳೇ ಆಗಿಹೋದೆ. ಮಗಳು, ಅಳಿಯ ಕುಂದಾದ ಪವರ್‌ಹೌಸ್ ಕಾಲೋನಿಯಲ್ಲಿದ್ದರು. ಊಟಿಯ ಕಾಲೇಜಿಗೆ ನಮ್ಮ ಮನೆಯಿಂದ ಬಸ್ಸು ಸುಲಭ ಅಂತ ಹುಡುಗಿಯನ್ನು ನಮ್ಮಲ್ಲಿ ಬಿಟ್ಟಿದ್ದರು. ಬಿಟ್ಟಿದ್ದರು ಅನ್ನುವುದಕ್ಕಿಂತ ನನಗೆ ಕೊಟ್ಟಿದ್ದರು ಅನ್ನಬೇಕು. ಅವಳ ಪುಸ್ತಕ, ಅವಳ ವೈರು, ಅವಳ ನಗು ಎಲ್ಲ ಸೇರಿ ನಮ್ಮ ತಗಡಿನ ಮನೆ ತುಂಬಿಹೋಗಿತ್ತು.

ಅವಳ ಲ್ಯಾಪ್‌ಟಾಪು ಕೂನೂರಿನಲ್ಲಿ ಸ್ಟುಡಿಯೋ ಮುಚ್ಚಿದವರೊಬ್ಬರಿಂದ ಬಂದದ್ದು. ಹೆಸರಿಗೆ ತೊಡೆಯ ಮೇಲಿಟ್ಟುಕೊಳ್ಳುವ ಯಂತ್ರವಂತೆ. ಇಟ್ಟುಕೊಂಡರೆ ತೊಡೆ ಉಳಿಯುತ್ತಿರಲಿಲ್ಲ, ಒಳ್ಳೇ ಒರಳುಕಲ್ಲಿನ ಭಾರ. ಅದರ ದೊಡ್ಡ ಬ್ಯಾಟರಿ ಯಾವತ್ತೋ ಸತ್ತಿತ್ತು, ವೈರು ಸಿಕ್ಕಿಸಿದರೆ ಮಾತ್ರ ನಡೆಯುತ್ತಿತ್ತು. ಗುಂಡಿ ಒತ್ತಿದರೆ ಮೊದಲು ಕಪ್ಪು ಪರದೆಯ ಮೇಲೆ ಎರಡು ಸಾಲು ಬರುತ್ತಿದ್ದವು. ಒಂದು ವಿಂಡೋಸ್, ಇನ್ನೊಂದು ಲಿನಕ್ಸ್.

"ಮದುವೆ ಕೆಲಸಕ್ಕೆ ಒಂದು, ಕಾಲೇಜು ಪಾಠಕ್ಕೆ ಇನ್ನೊಂದು ಅಜ್ಜಿ. ಯಾವುದು ಬೇಕು ಅಂತ ಬಾಗಿಲಲ್ಲೇ ಕೇಳ್ತದೆ. ಹಂಗೆ ಕೇಳೋದಕ್ಕೆ ಬೂಟ್‌ಲೋಡರ್ ಅಂತಾರೆ."

ಒಂದೇ ಪೆಟ್ಟಿಗೆಯೊಳಗೆ ಎರಡು ಸಂಸಾರ, ಒಂದಕ್ಕೊಂದು ಮುಖ ನೋಡದೆ ಇರುತ್ತವೆ ಅಂತ ಕೇಳಿ ನಾನು ಕಾಫಿ ಲೋಟ ಹಿಡಿದುಕೊಂಡೇ ನಿಂತಿದ್ದೆ. ಆಮೇಲೆ ಅದು ನನಗೆ ಆಟವಾಯಿತು. ಅವಳು ಸಂಜೆ ಕೂರುವಾಗ ನಾನೇ ಕೇಳುತ್ತಿದ್ದೆ, "ಇವತ್ತು ಮದುವೆಯಾ, ಪಾಠವಾ?" ಅವಳು ಹೇಳಿದ್ದಕ್ಕೆ ಬಾಣದ ಗುರುತಿನ ಗುಂಡಿ ಒತ್ತಿ ಕೊಡುತ್ತಿದ್ದೆ.

ಇನ್ನೊಂದು ವಿಷಯ ಹೇಳಿದಾಗ ಮಾತ್ರ ನಾನು ಅವಳ ಪಕ್ಕ ಕೂತೇಬಿಟ್ಟೆ. ಯಂತ್ರದ ಹೊಟ್ಟೆಯಲ್ಲಿ ಎರಡು ಡಿಸ್ಕು ಇದ್ದವಂತೆ. ವೀಡಿಯೋ ಬಹಳ ಭಾರವಾದ್ದರಿಂದ ಒಂದೇ ಡಿಸ್ಕಿಗೆ ಬರೆಯುತ್ತಾ ಹೋದರೆ ತಡವಾಗುತ್ತದೆ ಅಂತ ಎರಡನ್ನೂ ಜೋಡಿಸಿ ಒಂದೇ ಅಂತ ಮಾಡಿದ್ದರಂತೆ. ಅದಕ್ಕೆ ರೇಡ್ ಅನ್ನುತ್ತಾರಂತೆ. ಒಂದು ಚೂರು ಇದಕ್ಕೆ, ಮುಂದಿನ ಚೂರು ಅದಕ್ಕೆ, ಮತ್ತೆ ಇದಕ್ಕೆ.

"ಅಂದ್ರೆ ಮದುಮಗಳ ಕಣ್ಣು ಒಂದರಲ್ಲಿ, ಮೂಗು ಇನ್ನೊಂದರಲ್ಲಾ?"

"ಹಂಗೇ ಅಂತ ತಿಳ್ಕೋ."

"ಒಂದು ಕೆಟ್ಟೋದ್ರೆ?"

"ಎರಡೂ ಹೋದಂಗೆ. ಅರ್ಧ ಮುಖ ಇಟ್ಕೊಂಡು ಏನ್ ಮಾಡೋದು?" ಅಂದು ಅವಳು ಚಕ್ಕುಲಿ ಮುರಿದು ಬಾಯಿಗೆ ಹಾಕಿಕೊಂಡಳು. ಇಷ್ಟು ದೊಡ್ಡ ಮಾತನ್ನು ಹುಡುಗಿ ಚಕ್ಕುಲಿ ತಿನ್ನುತ್ತಾ ಹೇಳುತ್ತಾಳಲ್ಲ ಅಂತ ನಾನು ಅವಳ ಮುಖವನ್ನೇ ನೋಡಿದೆ.

ಈಗ ನನ್ನ ಗೆಳತಿಯ ವಿಷಯ ಹೇಳಬೇಕು. ನಮ್ಮ ಹೊಲದ ಮೇಲ್ಗಡೆಯ ಹಟ್ಟಿಯಲ್ಲಿದ್ದ ಈ ಬೆಟ್ಟದ ಮೂಲದವರಾದ ಬಡಗರ ಹೆಂಗಸು ಅವಳು. ವಯಸ್ಸಿನಲ್ಲಿ ನನಗಿಂತ ಒಂದೆರಡು ವರ್ಷ ಚಿಕ್ಕವಳು. ಅವರದು ಚೂರು ಟೀ ತೋಟ, ಚೂರು ತರಕಾರಿ. ಅವಳು ಬಡಗದಲ್ಲಿ ಮಾತಾಡುತ್ತಿದ್ದಳು, ನಾನು ನಮ್ಮ ಕನ್ನಡದಲ್ಲಿ. ಇಬ್ಬರ ಮಾತೂ ನಡುದಾರಿಯಲ್ಲಿ ಕೂಡಿಕೊಳ್ಳುತ್ತಿದ್ದವು. ನಾವಿಬ್ಬರೂ ಕ್ಯಾರೆಟ್ ತೊಳೆಯುವ ತೊಟ್ಟಿಯ ಅಕ್ಕಪಕ್ಕ ನಿಂತು ಎಷ್ಟೋ ವರ್ಷ ತಣ್ಣೀರಿಗೆ ಕೈ ಮರಗಟ್ಟಿಸಿಕೊಂಡವರು. ಅವಳ ಮೊಮ್ಮಗಳ ಮದುವೆ ಗೊತ್ತಾಗಿತ್ತು. ಬಡಗರಲ್ಲಿ ಹೆಣ್ಣನ್ನು ಗಂಡಿನ ಮನೆಗೆ ಕರೆದುಕೊಂಡು ಹೋಗಿ ಅಲ್ಲಿ ಮದುವೆ ಮಾಡುತ್ತಾರೆ. ಹಿರಿಯರು ಸಾಲಾಗಿ ಕೂರುತ್ತಾರೆ, ಮದುಮಗಳು ಒಬ್ಬೊಬ್ಬರ ಮುಂದೆಯೂ ತಲೆ ಬಗ್ಗಿಸುತ್ತಾಳೆ, ಅವರು ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ. ಅದಕ್ಕಿಂತ ದೊಡ್ಡದು ಅವರಿಗಿಲ್ಲ.

ಮದುವೆ ಇನ್ನೇನು ಬಂತು ಅನ್ನುವಾಗ ನನ್ನ ಗೆಳತಿ ಅದೇ ತೊಟ್ಟಿಯ ಪಕ್ಕ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಗೊತ್ತಾದ ಮದುವೆ ನಿಲ್ಲಿಸಬೇಡಿ ಅಂತ ಅವಳೇ ಹಟ ಮಾಡಿದಳು. ಮದುವೆಯ ದಿನ ಅವಳು ಊಟಿಯ ಆಸ್ಪತ್ರೆಯಲ್ಲಿ ಕಾಲಿಗೆ ತೂಕ ಕಟ್ಟಿಸಿಕೊಂಡು ಮಲಗಿದ್ದಳು. ಮಾರನೇ ದಿನ ಮದುಮಕ್ಕಳು ಆಸ್ಪತ್ರೆಗೇ ಬಂದು ಮಂಚದ ಪಕ್ಕ ತಲೆ ಬಗ್ಗಿಸಿದರೆ, ಗೆಳತಿ ಕೈಯನ್ನು ಕಂಬಳಿಯೊಳಗೆ ಎಳೆದುಕೊಂಡಳು.

"ಕಾಯಿಲೆ ಹಾಸಿಗೆ ಮೇಲಿಂದ ಹರಸೋಕಿಲ್ಲೆ. ನಾ ಎದ್ದು ಮನೆಗೆ ಬತ್ತೆ, ಆಗ" ಅಂದಳಂತೆ.

ನನ್ನ ಮೊಮ್ಮಗಳನ್ನು ಮದುವೆಗೆ ಮೊದಲೇ ಮಂಚದ ಹತ್ತಿರ ಕರೆಸಿಕೊಂಡು ಒಂದು ಮಾತು ತೆಗೆದುಕೊಂಡಿದ್ದಳು. "ಕೂಸೆ, ಎನ್ನ ಕಣ್ಣು ನಿನ್ನ ಡಬ್ಬಿಯೊಳಗೆ ಇಟ್ಟು ಕಳಿಸ್ತೀನಿ. ಒಂದನ್ನೂ ಬಿಡಬೇಡ. ಊಟದ ಸಾಲನ್ನೂ ಬಿಡಬೇಡ." ಇವಳು, "ಆಗಲಿ ಹೆತ್ತೆ, ನೀವು ಮನೆಗೆ ಬಂದ ದಿನವೇ ಟೀವಿಯಲ್ಲಿ ಪೂರ್ತಿ ತೋರಿಸ್ತೀನಿ" ಅಂದಿದ್ದಳು. ಬಡಗರು ಅಜ್ಜಿಗೆ ಹೆತ್ತೆ ಅನ್ನುವುದು.

ಹಾಗೇ ಮೊಮ್ಮಗಳು ಒಂದನ್ನೂ ಬಿಡದೆ ತೆಗೆದಳು. ಕ್ಯಾಮೆರಾದ ಸಣ್ಣ ಟೇಪುಗಳಿಂದ ಎಲ್ಲವನ್ನೂ ಲ್ಯಾಪ್‌ಟಾಪಿಗೆ ಇಳಿಸಿಕೊಂಡಳು. ಅವಳ ಹತ್ತಿರ ಇದ್ದದ್ದೇ ಕೆಲವು ಟೇಪು. ಮುಂದಿನ ವಾರ ಇನ್ನೊಂದು ಮನೆಯಲ್ಲಿ ಕಿವಿ ಚುಚ್ಚುವ ಶಾಸ್ತ್ರವಿತ್ತು. ಅದನ್ನು ಅದೇ ಟೇಪುಗಳ ಮೇಲೆ ತೆಗೆದಳು. ಮದುವೆ ಈಗ ಲ್ಯಾಪ್‌ಟಾಪಿನಲ್ಲಿ ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಇರಲಿಲ್ಲ. ಹೆಸರುಗಳನ್ನು ಹಾಕಿ, ಹಾಡು ಸೇರಿಸಿ, ಸೀಡಿ ಮಾಡುವುದಷ್ಟೇ ಬಾಕಿ. ಗೆಳತಿಯನ್ನು ಭಾನುವಾರ ಮನೆಗೆ ಕರೆತರುತ್ತಾರೆ ಅಂತ ಸುದ್ದಿ ಬಂತು.

ಅದು ಹಿಮ ಬೀಳುವ ತಿಂಗಳು. ಬೆಳಿಗ್ಗೆ ಎದ್ದರೆ ಕ್ಯಾರೆಟ್ ಎಲೆಯ ಮೇಲೆಲ್ಲ ಉಪ್ಪು ಚೆಲ್ಲಿದ ಹಾಗೆ ಕಾಣುತ್ತಿತ್ತು. ಆ ಚಳಿಗೆ ಟಾರ್ಚಿನ ಸೆಲ್ಲುಗಳು ಬೇಗ ಸೋಲುತ್ತವೆ. ರಾತ್ರಿ ಕಾಡುಹಂದಿ ನುಗ್ಗದಂತೆ ಹೊಲ ಕಾಯುವವರಿಗೆ ಟಾರ್ಚಿಲ್ಲದೆ ಆಗುವುದಿಲ್ಲ. ಆದ್ದರಿಂದ ನಮ್ಮ ಕಡೆ ಪ್ರತಿ ಮನೆಯಲ್ಲೂ ಒಂದು ಪದ್ಧತಿ. ಸೋತ ಸೆಲ್ಲುಗಳನ್ನು ಮಧ್ಯಾಹ್ನದ ಬಿಸಿಲಿಗೆ ಅಂಗಳದಲ್ಲಿ ಹಾಸಿದ ತಗಡಿನ ಮೇಲೆ ಸಾಲಾಗಿ ಮಡಗುವುದು. ಸಂಜೆ ಹೊತ್ತಿಗೆ ಅವುಗಳಿಗೆ ಮತ್ತೆ ಒಂದಿಷ್ಟು ಜೀವ ಬರುತ್ತಿತ್ತು. ನಮ್ಮ ಯಜಮಾನರು ಹಪ್ಪಳ ತಿರುವಿ ಹಾಕುವವರ ಹಾಗೆ ಅವುಗಳನ್ನು ನಡುವೆ ಒಮ್ಮೆ ಹೊರಳಿಸಿ ಬರುತ್ತಿದ್ದರು.

ಆ ಚಳಿಯಲ್ಲಿ ಲ್ಯಾಪ್‌ಟಾಪಿನ ಗಡಿಯಾರವೂ ದಿನಾ ಬೆಳಿಗ್ಗೆ ಹಿಂದೆ ಬೀಳುತ್ತಿತ್ತು. ಮೊಮ್ಮಗಳು ಸರಿಮಾಡಿಕೊಂಡು ಮಾಡಿಕೊಂಡು ಸಾಕಾಗಿ, "ಒಳಗೆ ನಾಣ್ಯದಂಥ ಒಂದು ಸೆಲ್ಲಿದೆ ತಾತ, ಗಡಿಯಾರ ಓಡ್ಸೋದು ಅದೇ. ವೀಕಾಗಿದೆ. ಊಟಿಗೆ ಹೋದಾಗ ಹೊಸದು ತರ್ಬೇಕು" ಅಂದಳು.

"ಸೆಲ್ಲಾ? ಬಿಸ್ಲಿಗೆ ಮಡಗು" ಅಂದರು ಇವರು.

"ತಾತ, ಅದು ಟಾರ್ಚ್ ಸೆಲ್ಲಲ್ಲ."

"ಸೆಲ್ಲು ಅಂದಮೇಲೆ ಸೆಲ್ಲೇ ಕಣವ್ವ. ಚಳಿ ಎಲ್ಲಾರ್ಗೂ ಒಂದೇ."

ಅವಳು ನಕ್ಕಳು. ನಕ್ಕರೂ ಅದೇ ಮನೆಯ ಹುಡುಗಿಯಲ್ಲವೇ, ಸ್ಕ್ರೂಡ್ರೈವರ್ ತಂದು ಲ್ಯಾಪ್‌ಟಾಪನ್ನು ಬೋರಲು ಹಾಕಿ ಬಿಚ್ಚಿದಳು. ನಾಣ್ಯದ ಸೆಲ್ಲು ತಗಡಿನ ಮೇಲೆ ಟಾರ್ಚಿನ ಸೆಲ್ಲುಗಳ ಪಕ್ಕ ಕೂತಿತು. ಸಂಜೆ ಅದನ್ನು ಎಲ್ಲಿತ್ತೋ ಅಲ್ಲೇ ಸಿಕ್ಕಿಸಿ ಸ್ಕ್ರೂ ಬಿಗಿದಳು. ಮುಂದೆ ಆದದ್ದಕ್ಕೆಲ್ಲ ಅದೇ ಕಾರಣ ಅಂತ ಆಗ ನಮಗೆ ಯಾರಿಗೂ ಹೊಳೆಯುವ ಹಾಗಿರಲಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು, ಬೆಳಗಾದ ಮೇಲೆಯೇ ಬಂದದ್ದು.

ಬೆಳಿಗ್ಗೆ ನಾನು ಒಲೆಯ ಮುಂದಿದ್ದೆ. ಒಳಗಿನಿಂದ ಏನೂ ಸದ್ದಿಲ್ಲ. ಹಾಗೆ ಸದ್ದಿಲ್ಲದಿರುವ ಹುಡುಗಿ ಅವಳಲ್ಲ. ಹೋಗಿ ನೋಡಿದರೆ ಪರದೆ ಪೂರ್ತಿ ಕಪ್ಪು. ಆ ಎರಡು ಸಾಲು ಇಲ್ಲ. ಮೇಲಿನ ಮೂಲೆಯಲ್ಲಿ ಬಿಳಿ ಅಕ್ಷರದ ಒಂದು ತುಂಡು ಮಾತು.

"ಏನಂತೆ ಅದು?"

"ಎರರ್ ಹದಿನೇಳು."

"ಹಂಗಂದ್ರೆ?"

"ಬಾಗಿಲವರೆಗೂ ಬಂತು ಅಜ್ಜಿ. ಒಳಗೆ ಮನೆಯೇ ಇಲ್ಲ ಅಂತಿದೆ."

ಆರಿಸಿ ಮತ್ತೆ ಹಚ್ಚಿದಳು. ಅದೇ ಹದಿನೇಳು. ಯಜಮಾನರು ಬಂದು ನೋಡಿ, ಚಳಿ ಹೊಡೆದಿರಬೇಕು ಅಂತ ಲ್ಯಾಪ್‌ಟಾಪನ್ನು ಒಲೆಯ ಪಕ್ಕ ತಂದು ಕಂಬಳಿ ಹೊದಿಸಿದರು. ಎಳೆಗರುವನ್ನು ಕಾಯುವವರ ಹಾಗೆ ನಾವು ಮೂವರೂ ಅದರ ಸುತ್ತ ಕೂತೆವು. ಬೆಚ್ಚಗಾದ ಮೇಲೆ ಹಚ್ಚಿದರೂ ಹದಿನೇಳೇ.

ಆಮೇಲೆ ಅವಳು ಕಾಲೇಜಿನಿಂದ ತಂದಿದ್ದ ಲಿನಕ್ಸ್ ಸೀಡಿ ಹಾಕಿದಳು. ಆ ಸೀಡಿಯಿಂದಲೇ ಯಂತ್ರ ಏಳುತ್ತದೆ, ಒಳಗಿನ ಡಿಸ್ಕನ್ನು ಮುಟ್ಟದೆ ಬರೀ ಇಣುಕಿ ನೋಡಬಹುದು ಅಂತ ಹೇಳಿದಳು. ಯಂತ್ರ ಎದ್ದಿತು. ನನಗೆ ಉಸಿರು ಬಂತು. ಅವಳ ಮುಖ ಮಾತ್ರ ಇನ್ನೂ ಬಿಳಿಚಿಕೊಂಡಿತು. ಒಂದು ಅಂತ ಕಾಣಬೇಕಾಗಿದ್ದ ಕಡೆ ಎರಡು ಡಿಸ್ಕು ಬೇರೆ ಬೇರೆಯಾಗಿ ಕಾಣುತ್ತಿದ್ದವು. ಒಂದರಲ್ಲಿ ಇರುವುದು ಅರ್ಥವಾಗುತ್ತಿಲ್ಲ ಅಂತಿತ್ತು, ಇನ್ನೊಂದು ಖಾಲಿ ಅಂತಿತ್ತು.

"ನಿನ್ನೆ ಬಿಚ್ಚುವಾಗ ನನ್ನ ಕೈ ತಾಗಿ ಡಿಸ್ಕಿಗೆ ಏಟು ಬಿದ್ದಿರಬೇಕು" ಅಂದಳು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಹೆತ್ತೆಗೆ ಏನಂತ ಹೇಳ್ಲಿ ಅಜ್ಜಿ?"

ಕಂಬಳಿಯೊಳಗೆ ಎಳೆದುಕೊಂಡ ಆ ಕೈಯೇ ಕಣ್ಣ ಮುಂದೆ ಬಂತು. ಒಂದು ಇಡೀ ಮದುವೆ, ಅಷ್ಟು ಜನ, ಅಷ್ಟು ಊಟ, ಕುಣಿತ, ಎಲ್ಲ ಚೂರು ಚೂರಾಗಿ ಎರಡು ಕಡೆ ಬಿದ್ದಿವೆ, ಒಂದಕ್ಕೊಂದು ಗುರುತು ಸಿಗುತ್ತಿಲ್ಲ. ಹೀಗೂ ಆಗುವುದುಂಟೇ ಅಂತ ನಾನು ಹೊಸ್ತಿಲ ಮೇಲೆ ಕೂತುಬಿಟ್ಟೆ.

ನಾನೂ ಮೊಮ್ಮಗಳೂ ಊಟಿಗೆ ಬಸ್ಸಿನಲ್ಲಿ ಹೋದೆವು. ಲ್ಯಾಪ್‌ಟಾಪನ್ನು ಕಂಬಳಿಯಲ್ಲಿ ಸುತ್ತಿ ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಕಂಡಕ್ಟರು, "ಮೊಮ್ಮಗುವಾ ಪಾಟಿ? ಮುಖ ಮುಚ್ಚಬೇಡಿ, ಉಸಿರು ಕಟ್ಟುತ್ತೆ" ಅಂದ. ತಮಿಳರು ಅಜ್ಜಿಗೆ ಪಾಟಿ ಅನ್ನುವುದು. ಬೇರೆ ದಿನವಾಗಿದ್ದರೆ ಇವಳು ಬಿದ್ದು ಬಿದ್ದು ನಗುತ್ತಿದ್ದಳು. ಇವತ್ತು ಕಿಟಕಿಯ ಕಡೆಗೆ ತಿರುಗಿಕೊಂಡಳು.

ಬಸ್ ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲೊಂದು ಕಂಪ್ಯೂಟರ್ ಅಂಗಡಿ. ಅಂಗಡಿಯವನು ಮಧ್ಯವಯಸ್ಸಿನವನು, ಮಂಕಿ ಕ್ಯಾಪು ಹಾಕಿಕೊಂಡು ತಮಿಳಿನಲ್ಲಿ ಮಾತಾಡುತ್ತಿದ್ದ. ನನಗೊಂದು ಸ್ಟೂಲು ಕೊಟ್ಟ, ಟೀ ತರಿಸಿದ. ಒಳ್ಳೆಯವನೇ. ತನ್ನ ಸೀಡಿ ಹಾಕಿ ಬಹಳ ಹೊತ್ತು ನೋಡಿ, "ಎರಡು ಡಿಸ್ಕಿದೆ. ಎರಡರಲ್ಲೂ ಏನೂ ಇದ್ದ ಹಾಗೆ ಕಾಣಲ್ಲಮ್ಮ. ಬೂಟ್‌ಲೋಡರ್ ಹೊಸದಾಗಿ ಬರೆದು ನೋಡಲಾ?" ಅಂದ.

"ಬೇಡಣ್ಣ. ಎರಡನ್ನ ಎರಡು ಅಂತ ನೋಡ್ತಿರೋವಾಗ ಒಂದರ ಮೇಲೆ ಏನಾದ್ರೂ ಬರೆದ್ರೆ, ಇರೋದೂ ಕೆಡುತ್ತೆ."

"ಹಾಗಾದರೆ ಫಾರ್ಮ್ಯಾಟ್ ಮಾಡಿ ಸಂಜೆಗೆ ಹೊಸದರ ಥರ ಕೊಡ್ತೀನಿ."

ಫಾರ್ಮ್ಯಾಟ್ ಅಂದರೆ ಏನಂತ ನನಗೆ ಗೊತ್ತಿತ್ತು. ಲ್ಯಾಪ್‌ಟಾಪು ಮನೆಗೆ ಬಂದಾಗ ಅವಳೇ ಹೇಳಿದ್ದಳು, ಅದು ಒಳಗಿರುವುದನ್ನೆಲ್ಲ ಒರೆಸಿ ಹಾಕುವ ಕೆಲಸ. ಅವನು ಮಾತಾಡುತ್ತಲೇ ಬೆರಳನ್ನು ಗುಂಡಿಗಳ ಮೇಲೆ ಇಟ್ಟಿದ್ದ. ನಾನು ಟೀ ಲೋಟ ಕೆಳಗಿಟ್ಟು ಎದ್ದು ಅವನ ಮುಂಗೈ ಹಿಡಿದುಕೊಂಡೆ. ಅವನು ಬೆಚ್ಚಿಬಿದ್ದ.

"ಪಾಟಿ, ನಾನು ಇನ್ನೂ ಏನೂ ಒತ್ತಿಲ್ಲ."

"ಒತ್ತೋದೂ ಬ್ಯಾಡಪ್ಪ. ಕೈ ಹಿಂದಕ್ಕೆ ಮಡಗು, ಆಮೇಲೆ ಮಾತಾಡು."

ಅವನು ನಿಜಕ್ಕೂ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಮೊಮ್ಮಗಳಿಗೆ ಆ ದಿನ ಮೊದಲ ಸಲ ತುಟಿ ಅಲುಗಿತು. ಅವಳು ತನ್ನ ಲಿನಕ್ಸ್ ಸೀಡಿಯನ್ನು ಮತ್ತೆ ಹಾಕಿ ಕೂತಳು. ಡಿಸ್ಕಿಗೆ ಏಟು ಬಿದ್ದಿದ್ದರೆ ಅದು ಕಟಕಟ ಅನ್ನಬೇಕಿತ್ತು, ಇಲ್ಲ ಕಾಣದೇ ಹೋಗಬೇಕಿತ್ತು, ಇಲ್ಲಿ ಎರಡೂ ಸದ್ದಿಲ್ಲದೆ ಸರಿಯಾಗಿ ಓಡುತ್ತಿವೆಯಲ್ಲ ಅಂತ ಅಂಗಡಿಯವನು ಯಂತ್ರಕ್ಕೆ ಕಿವಿಗೊಟ್ಟು ಹೇಳಿದ. ಅವಳು ತಲೆಯಾಡಿಸಿದಳು. ಹಾಗೆ ತಲೆಯಾಡಿಸುತ್ತಿದ್ದವಳು ಪರದೆಯ ಕೆಳಮೂಲೆ ನೋಡಿ ನಿಂತುಹೋದಳು.

ಅಲ್ಲಿ ತಾರೀಖು ಇತ್ತು. ಹೊಸ ವರ್ಷದ ಮೊದಲ ದಿನ, ಅದೂ ಎಷ್ಟೋ ವರ್ಷ ಹಿಂದಿನದು.

"ಅಣ್ಣ, ಇದು ದಿನಾ ಒಂದಷ್ಟು ಗಂಟೆ ಹಿಂದೆ ಬೀಳ್ತಿತ್ತು ಅಷ್ಟೇ. ಇಷ್ಟು ಹಿಂದಕ್ಕೆ ಯಾವತ್ತೂ ಹೋಗಿರಲಿಲ್ಲ."

"ಸೆಲ್ಲು ಪೂರ್ತಿ ಹೋಗಿರಬೇಕು. ಇಲ್ಲ ಯಾರೋ ತೆಗೆದಿರಬೇಕು."

"ತೆಗೆದಿದ್ವಿ" ಅಂದಳು.

"ಯಾಕೆ?"

ಅವಳು ನನ್ನ ಕಡೆ ನೋಡಿದಳು. ನಾನು ಹೇಳಿದೆ, "ಬಿಸ್ಲಿಗೆ ಮಡಗಕ್ಕೆ."

ಅವನು ಕ್ಯಾಪು ತೆಗೆದು ನನ್ನನ್ನು ನೋಡಿದ. ಅವನ ಕೂದಲೆಲ್ಲ ಎದ್ದು ನಿಂತಿತ್ತು. ಆಮೇಲೆ ಬಹಳ ಗಂಭೀರವಾಗಿ, "ನಮ್ಮ ಮನೆಯಲ್ಲೂ ಟಾರ್ಚ್ ಸೆಲ್ಲು ಇಡ್ತೀವಿ ಪಾಟಿ. ಇದನ್ನ ಇಟ್ಟವರನ್ನ ಇವತ್ತೇ ನೋಡಿದ್ದು" ಅಂದ.

ಮೊಮ್ಮಗಳಿಗೆ ಅದು ಯಾವುದೂ ಕೇಳಿಸುತ್ತಿರಲಿಲ್ಲ. ಅವಳ ಕಣ್ಣು ಹೊಳೆಯುತ್ತಿತ್ತು, ಮಾತು ಒಂದರ ಮೇಲೊಂದು ಬೀಳುತ್ತಿತ್ತು. ಆಗ ಅವಳು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಯಂತ್ರಕ್ಕೆ ಹುಟ್ಟುಗುಣ ಅಂತ ಒಂದಿಷ್ಟಿರುತ್ತದೆ, ಆಮೇಲೆ ನಾವು ಕಲಿಸಿದ್ದು ಒಂದಿಷ್ಟು. ಕಲಿಸಿದ್ದನ್ನು ಅದು ನೆನಪಿಟ್ಟುಕೊಳ್ಳುವುದು ಆ ನಾಣ್ಯದ ಸೆಲ್ಲಿನ ಬಲದಲ್ಲಿ. ಇವತ್ತು ಯಾವ ದಿನ ಅನ್ನುವುದೂ ಅದರಲ್ಲೇ, ಒಳಗಿನ ಎರಡು ಡಿಸ್ಕನ್ನು ಒಂದೇ ಅಂತ ನೋಡಬೇಕು ಅನ್ನುವ ಕಟ್ಟಳೆಯೂ ಅದರಲ್ಲೇ. ಸೆಲ್ಲು ಬಿಸಿಲು ಕಾಯಿಸುತ್ತಾ ತಗಡಿನ ಮೇಲೆ ಕೂತಿದ್ದ ಹೊತ್ತಿನಲ್ಲಿ ಯಂತ್ರ ಎಲ್ಲವನ್ನೂ ಮರೆತು ಹುಟ್ಟುಗುಣಕ್ಕೆ ಹಿಂತಿರುಗಿತ್ತು. ಹುಟ್ಟುಗುಣದಲ್ಲಿ ಎರಡು ಎಂದರೆ ಎರಡೇ. ಡಿಸ್ಕುಗಳಿಗೆ ಏನೂ ಆಗಿಲ್ಲ, ಮದುವೆಗೆ ಏನೂ ಆಗಿಲ್ಲ, ನೋಡುವ ಕಣ್ಣಿಗೆ ಮರೆವು ಬಂದಿದೆ ಅಷ್ಟೇ.

ನಾನು ಸ್ಟೂಲಿನ ಮೇಲೆ ಕೂತು ಇದನ್ನು ಕೇಳುತ್ತಿದ್ದೆ. ಹುಣಸೆಬೀಜಕ್ಕಿಂತ ಒಂದಿಷ್ಟು ದೊಡ್ಡದಿದ್ದ ಆ ಬಿಲ್ಲೆಯನ್ನು ನಾನೇ ಅಂಗೈಯಲ್ಲಿಟ್ಟುಕೊಂಡು ತಗಡಿನ ಹತ್ತಿರ ಹೋಗಿದ್ದೆ. ಒಂದು ಮನೆಯ ಮದುವೆಯನ್ನು ಒಟ್ಟಿಗೆ ಹಿಡಿದಿಟ್ಟಿದ್ದ ಗಂಟು ನನ್ನ ಅಂಗೈಯಲ್ಲಿತ್ತು ಅಂದರೆ ನಂಬುವುದು ಹೇಗೆ? ಟೀ ಆರಿಹೋದದ್ದೂ ಗೊತ್ತಾಗಲಿಲ್ಲ.

ಅಂಗಡಿಯವನು ಹೊಸ ಸೆಲ್ಲು ಹಾಕಿದ. ಯಂತ್ರ ಏಳುವ ಮೊದಲೇ ಒಂದು ಗುಂಡಿ ಹಿಡಿದುಕೊಂಡರೆ ನೀಲಿ ಬಣ್ಣದ ಪರದೆ ಬರುತ್ತದೆ. ಯಂತ್ರಕ್ಕೆ ಪಾಠ ಹೇಳುವುದು ಅಲ್ಲಿ. ಮೊಮ್ಮಗಳು ಒಂದೊಂದೇ ಸಾಲು ಇಳಿಯುತ್ತಾ ಹೋಗಿ ಡಿಸ್ಕಿನ ಮಾತಿರುವ ಕಡೆ ನಿಂತಳು. ಅಲ್ಲಿ ಬೇರೇನೋ ಇತ್ತು, ಅದನ್ನು ಬದಲಿಸಿ ರೇಡ್ ಅಂತ ಮಾಡಿದಳು. ತಕ್ಷಣ ಪರದೆಯ ನಡುವೆ ಕೆಂಪು ಚೌಕವೊಂದು ಎದ್ದು ಬಂತು.

"ಏನಂತದೆ?"

ಅವಳು ಓದಿ ಹೇಳಿದಳು. "ಇದನ್ನ ಬದಲಿಸಿದ್ರೆ ಒಳಗಿರೋದು ಕಳೆದುಹೋಗಬಹುದು ಅಂತ ಎಚ್ಚರಿಕೆ."

ಅಂಗಡಿಯವನು ಬಗ್ಗಿ, ಸಣ್ಣ ಅಕ್ಷರಗಳನ್ನು ಬೆರಳಿಟ್ಟು ನಿಧಾನವಾಗಿ ಓದಿದ. ಎರಡನೇ ಸಲವೂ ಓದಿದ. "ಇದು ಎಲ್ಲರನ್ನೂ ಹೆದರಿಸೋ ಮಾತಮ್ಮ. ಹೇಗೆ ನೋಡಬೇಕು ಅನ್ನೋದು ಮಾತ್ರ ಇಲ್ಲಿ ಬದಲಾಗುತ್ತೆ, ಡಿಸ್ಕಿನ ಮೇಲೆ ಏನೂ ಬರೆಯಲ್ಲ. ನನಗೆ ಹಾಗೇ ಅನಿಸುತ್ತೆ. ಮುಂದಿನ ಪರದೆಯಲ್ಲಿ ಹೊಸ ಜೋಡಿ ಮಾಡಲಾ ಅಂತ ಕೇಳಿದರೆ ಮಾತ್ರ ಮಾಡಬೇಡ, ಅದು ಒರೆಸಿಬಿಡುತ್ತೆ. ಹಳೇ ಜೋಡಿ ತಾನಾಗಿ ಕಾಣಬೇಕು." ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದ. "ಆದರೆ ನಾನು ಒತ್ತಲ್ಲ. ಪಾಟಿ ನನ್ನ ಕೈ ಮುರಿದಾರು."

ಅವಳು ನನ್ನ ಕಡೆ ತಿರುಗಿದಳು. ನನಗೆ ಏನು ಗೊತ್ತು? ಆ ಹುಡುಗಿ ಆ ಹೊತ್ತಿನಲ್ಲಿ ಕೇಳುತ್ತಿದ್ದದ್ದು ಯಂತ್ರದ ವಿಷಯವಲ್ಲ ಅಂತ ಮಾತ್ರ ಗೊತ್ತಿತ್ತು. "ನೀನು ಬಾಗಿಲಲ್ಲೇ ನಿಂತ್ರೂ ಹೆತ್ತೆಗೆ ತೋರ್ಸಕ್ಕೆ ಏನೂ ಇಲ್ಲ ಕಣವ್ವ. ತಿಳಿದಿದ್ದು ಮಾಡು. ಹೋದ್ರೆ ಇಬ್ರೂ ಒಟ್ಟಿಗೆ ಹೋಗಿ ಹೇಳಾನ" ಅಂದೆ.

ಒತ್ತಿದಳು.

ಯಂತ್ರ ಆರಿ ಮತ್ತೆ ಹತ್ತಿತು. ಕಪ್ಪು ಪರದೆ. ನನಗೆ ಕಣ್ಣು ಮುಚ್ಚಿಕೊಳ್ಳಬೇಕು ಅನಿಸಿತು, ರೆಪ್ಪೆ ಮಾತ್ರ ಇಳಿಯಲಿಲ್ಲ. ಬಿಳಿ ಅಕ್ಷರದಲ್ಲಿ ಒಂದು ಡಿಸ್ಕಿನ ಹೆಸರು ಬಂತು. ಅದರ ಕೆಳಗೆ ಇನ್ನೊಂದರ ಹೆಸರು. ಅವೆರಡಕ್ಕೂ ಮೇಲೆ ಹಸಿರು ಬಣ್ಣದ ಒಂದು ಪದ. "ನಾರ್ಮಲ್" ಅಂತ ಓದಿದಳು ಮೊಮ್ಮಗಳು. ಓದಿ ಮುಗಿಸುವಷ್ಟರಲ್ಲಿ ಪರದೆ ಹೊರಳಿ ಆ ಎರಡು ಸಾಲು ಬಂದು ನಿಂತವು. ವಿಂಡೋಸ್, ಲಿನಕ್ಸ್. ದಿನಾ ಸಂಜೆ ನಾನು ಆಟವಾಡುತ್ತಿದ್ದ ಅವೇ ಸಾಲುಗಳು, ಏನೂ ಆಗದವರ ಹಾಗೆ.

"ಮದುವೆಯಾ, ಪಾಠವಾ?" ಅಂತ ಕೇಳಬೇಕು ಅಂದುಕೊಂಡೆ. ಅವಳೇ ಒತ್ತಿದಳು. ವಿಂಡೋಸ್ ಎದ್ದಿತು. ಹಳದಿ ಬಣ್ಣದ ಒಂದು ಚೀಲದ ಗುರುತು, ಅದರೊಳಗೆ ಇನ್ನೊಂದು. ಆಮೇಲೆ ಪರದೆ ತುಂಬ ಬಿಳಿ ಬಟ್ಟೆಯ ಹೆಂಗಸರು, ಮುಂಡಾಸಿನ ಗಂಡಸರು, ವಾದ್ಯದ ಸದ್ದು. ಮದುಮಗಳು ಈ ಕಡೆ ತಿರುಗಿದಳು. ಎರಡು ಕಣ್ಣು, ಒಂದು ಮೂಗು, ಮೂಗಿನ ಪಕ್ಕದ ಮಚ್ಚೆ ಕೂಡ ಇದ್ದ ಜಾಗದಲ್ಲೇ ಇತ್ತು.

ಮೊಮ್ಮಗಳು ಕುರ್ಚಿಯಲ್ಲೇ ತಿರುಗಿ ನನ್ನ ಹೊಟ್ಟೆಗೆ ಮುಖ ಒತ್ತಿ ಅತ್ತಳು. ನಾನು ಅವಳ ತಲೆ ಹಿಡಿದುಕೊಂಡು ನಿಂತೆ. ನನಗೆ ಅಳು ಬರಲಿಲ್ಲ. ನಗು ಬಂತು, ನಿಲ್ಲಿಸಲಾಗದಷ್ಟು. ಅಂಗಡಿಗೆ ಬಂದಿದ್ದವರು ಯಾರೋ ಏನಾಯಿತು ಅಂತ ಕೇಳಿದರು. ಅಂಗಡಿಯವನು, "ಮದುವೆ ಸಿಕ್ಕಿತು" ಅಂದ. ಕೇಳಿದವರು ಮೊಮ್ಮಗಳನ್ನು ನೋಡಿ, ಅವಳಿಗೇ ಗಂಡು ಗೊತ್ತಾಗಿದೆ ಅಂದುಕೊಂಡು ಒಳ್ಳೆಯದಾಗಲಿ ಅಂತ ಹರಸಿ ಹೋದರು. ನಾವು ಯಾರೂ ತಿದ್ದಲಿಲ್ಲ.

ಅವಳು ಅಂಗಡಿಯಿಂದ ಹೊರಡುವ ಮೊದಲೇ ಅಲ್ಲಿಯೇ ಕೂತು ಇದ್ದದ್ದನ್ನು ಇದ್ದ ಹಾಗೆ ಸೀಡಿಗಳಿಗೆ ಹಾಕಿಸಿಕೊಂಡಳು. ಹೆಸರಿಲ್ಲ, ಹಾಡಿಲ್ಲ, ಆಮೇಲೆ ನೋಡಿಕೊಳ್ಳೋಣ ಅಂದಳು. ಮನೆಗೆ ಬಂದಾಗ ಯಜಮಾನರು ಬೇಲಿಯ ಹತ್ತಿರ ಕಾಯುತ್ತಿದ್ದರು. ವಿಷಯ ಪೂರ್ತಿ ಕೇಳಿ, ತಗಡಿನ ಕಡೆ ನೋಡಿದರು. "ಅಂಗಾರೆ ಟಾರ್ಚಿಗೆ ಮಾತ್ರ" ಅಂದರು. ಅಷ್ಟೇ.

ಭಾನುವಾರ ಗೆಳತಿಯನ್ನು ಮನೆಗೆ ತಂದರು. ಹಟ್ಟಿಯ ಅವರ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಅವಳನ್ನು ಬೆನ್ನಿಗೆ ಒರಗು ಕೊಟ್ಟು ಕುರ್ಚಿಯಲ್ಲಿ ಕೂರಿಸಿದ್ದರು. ಮದುಮಗಳೂ ಗಂಡನ ಜೊತೆ ಬಂದು ಅವಳ ಕಾಲ ಬಳಿ ನೆಲದ ಮೇಲೆ ಕೂತಿದ್ದಳು. ನನ್ನ ಮೊಮ್ಮಗಳು ಟೀವಿಗೆ ಸೀಡಿ ಪ್ಲೇಯರಿನ ವೈರು ಸಿಕ್ಕಿಸಿ ಸೀಡಿ ಹಾಕಿದಳು. ನಾನು ಗೆಳತಿಯ ಪಕ್ಕ ಕೂತೆ. ಅವಳು ಮದುವೆ ನೋಡುವ ಬದಲು ಊಟದ ಸಾಲು ನೋಡಿ ಬೈಯತೊಡಗಿದಳು.

"ಅಕ್ಕ, ಅಲ್ಲಿ ನೋಡು. ಆ ತುದಿಯ ಎಲೆಗೆ ಸಾರೇ ಬೀಳ್ಲಿಲ್ಲೆ. ಬಡಿಸೋವನು ಯಾರವ? ಎನಗೆ ಕಾಲಿದ್ದಿದ್ರೆ ಹೀಂಗೆ ಆಗ್ತಿತ್ತಾ?"

ಬಡಿಸಿದವನು ಹಿಂದೆಯೇ ಕೂತಿದ್ದ. ಎಲ್ಲರೂ ಅವನ ಕಡೆ ತಿರುಗಿ ನಕ್ಕರು. ಅಷ್ಟರಲ್ಲಿ ಟೀವಿಯಲ್ಲಿ ಹಿರಿಯರ ಸಾಲು ಬಂತು. ಮದುಮಗಳು ಒಬ್ಬೊಬ್ಬರ ಮುಂದೆ ತಲೆ ಬಗ್ಗಿಸುತ್ತಾ ಬಂದಳು. ನಡುವೆ ಒಂದು ಜಾಗ ಖಾಲಿ ಬಿಟ್ಟಿದ್ದರು. ಅಲ್ಲಿ ಯಾರೂ ಕೂತಿರಲಿಲ್ಲ. ಮದುಮಗಳು ಆ ಖಾಲಿ ಜಾಗದ ಮುಂದೆಯೂ ನಿಂತು ತಲೆ ಬಗ್ಗಿಸಿದಳು. ನನ್ನ ಮೊಮ್ಮಗಳು ಕ್ಯಾಮೆರಾವನ್ನು ಹತ್ತಿರ ತಂದಿದ್ದರಿಂದ ಆ ಬಗ್ಗಿದ ತಲೆಯೇ ಪರದೆ ತುಂಬ ಇತ್ತು.

"ನಿಲ್ಸು" ಅಂದಳು ಗೆಳತಿ. ಮೊಮ್ಮಗಳು ಚಿತ್ರವನ್ನು ಹಾಗೇ ನಿಲ್ಲಿಸಿದಳು.

ಗೆಳತಿ ನನ್ನ ಭುಜ ಹಿಡಿದು ಎದ್ದಳು. ಎಲ್ಲರೂ ಬೇಡ ಬೇಡ ಅನ್ನುತ್ತಿದ್ದರೂ ಎದ್ದಳು. ಒಂದು ಕಡೆ ನಾನು, ಇನ್ನೊಂದು ಕಡೆ ಅವಳ ಮಗ. ಟೀವಿಯ ಹತ್ತಿರ ಹೋಗಿ, ಪರದೆಯ ಮೇಲಿನ ಆ ತಲೆಯ ಮೇಲೆ ಅಂಗೈ ಇಟ್ಟಳು. ಹಳೇ ಟೀವಿ, ಗಾಜು ಚರಚರ ಅಂದಿತು. ಅವಳ ಮುಂಗೈಯ ಬಿಳಿ ಕೂದಲು ನೆಟ್ಟಗೆ ನಿಂತಿತು. ಭುಜ ಹಿಡಿದಿದ್ದ ನನಗೂ ಚುಳ್ಳೆಂದು ತಾಗಿತು. ಅವಳು ಬೆಚ್ಚಿದಳು, ಕೈ ಮಾತ್ರ ತೆಗೆಯಲಿಲ್ಲ.

"ಹೆತ್ತೆ, ನಾ ಇಲ್ಲೇ ಇದ್ದೇನೆ, ಇತ್ತ ನೋಡು" ಅಂತ ನೆಲದ ಮೇಲೆ ಕೂತಿದ್ದ ಮದುಮಗಳು ನಗುತ್ತಾ ಕರೆದಳು.

"ನೀ ಸುಮ್ನಿರು. ನಿನಗೆ ಆಮೇಲೆ" ಅಂದಳು ಗೆಳತಿ. "ಇದು ಆ ದಿನದ್ದು."